ಸಿಂಪಿಯ ತಿಳಿಸಾರು

ಒಂಬತ್ತನೆಯ ತಿಂಗಳು, ಬಡಗಾಳಿ ಮೊದಲ ಸಲ ಕೊರೆಯತೊಡಗಿದ ವಾರ. ಬೆಳಗಿನ ಇಳಿತಕ್ಕೆ ಕೊಲ್ಲಿಯಲ್ಲಿ ಸಿಂಪಿ ಬೆಳೆಸುವ ಕಲ್ಲುಕಂಬಗಳೆಲ್ಲ ಮೈ ತೋರಿಸಿ ನಿಂತಿದ್ದ ಹೊತ್ತು. ಬೋಂಗ್‌ಶಿ ಅಂಗಳದಲ್ಲಿ ಮೋಟು ಮಣೆಯ ಮೇಲೆ ಕೂತು ಆ ವರ್ಷದ ಮೊದಲ ಬುಟ್ಟಿ ಸಿಂಪಿ ಬಿಡಿಸುತ್ತಿದ್ದಳು. ಚಿಪ್ಪಿನ ಸಂದಿಗೆ ಕತ್ತಿಯ ಮೊನೆ ಇಟ್ಟು ಒಂದು ತಿರುವು ಕೊಟ್ಟರೆ ಸಾಕು, ಎಂಥ ಹಟದ ಸಿಂಪಿಯಾದರೂ ಅವಳ ಕೈಯಲ್ಲಿ ಬಾಯಿ ಬಿಡುತ್ತಿತ್ತು. ಎದುರಿನ ಮಣೆ ಖಾಲಿಯಿತ್ತು. ನಲವತ್ತೆಂಟು ವರ್ಷಗಳಲ್ಲಿ ಆ ಮಣೆ ಸುಗ್ಗಿಯ ದಿನ ಖಾಲಿ ಉಳಿದದ್ದು ಹೆರಿಗೆಗೆ ಒಮ್ಮೆ, ಚ್ವಾನ್ ಸತ್ತಾಗ ಒಮ್ಮೆ.

ಆ ಮಣೆಯವಳು, ಚ್ವಾನ್‌ನ ಹೆಂಡತಿ ಸ್ಯೂಕಿಮ್, ಒಳಗೆ ಮಲಗಿದ್ದಳು. ಎಂಟನೆಯ ತಿಂಗಳಲ್ಲಿ ಪಟ್ಟಣದ ಆಸ್ಪತ್ರೆಯವರು ಅವಳ ಹೊಟ್ಟೆ ಕೊಯ್ದು ಒಂದು ಗೇಣು ಕರುಳು ತೆಗೆದಿದ್ದರು.

ಸ್ಯೂಕಿಮ್‌ಳ ಮಗ ಬುನ್‌ಹಾಯ್ ಹೊರಗೆ ಬಂದು ಬೋಂಗ್‌ಶಿಯ ಪಕ್ಕ ಕುಕ್ಕರುಗಾಲಲ್ಲಿ ಕೂತ. ಬುಟ್ಟಿಯೊಳಗೆ ಕೈ ಆಡಿಸುತ್ತ ಮೆಲ್ಲಗೆ ಹೇಳಿದ:

"ಅತ್ತೆ, ಅದು ಹುಣ್ಣಲ್ಲ. ಕ್ಯಾನ್ಸರ್. ಇನ್ನೂ ಆರು ಸಲ ಔಷಧಿ ಏರಿಸಬೇಕಂತೆ, ಇಪ್ಪತ್ತೊಂದು ದಿನಕ್ಕೊಂದು ಸಲ. ಅಮ್ಮನಿಗೆ ಹುಣ್ಣು ಅಂತಾನೇ ಹೇಳಿದೀನಿ. ನೀವೂ ಹಾಗೇ ಹೇಳಿ."

"ಹೂಂ."

"ನಾನು ದೋಣಿ ತಗೊಂಡು ಸಿಂಪಿ ತೆಪ್ಪಕ್ಕೆ ಹೋದ್ರೆ ಬರೋದು ಸಂಜೆ. ನೀವೇ ನೋಡ್ಕೋಬೇಕು. ಸಿಂಪಿ, ಏಡಿ, ಸೀಗಡಿ ಒಂದೂ ಮುಟ್ಟಿಸಬೇಡಿ. ನಂಜಾಗುತ್ತೆ. ಉಳಿದಿರೋ ಗಡ್ಡೆ ಕೆರಳಿಬಿಡುತ್ತೆ."

"ನನಗೆ ನೀನು ಹೇಳ್ಕೊಡ್ತೀಯೇನೋ? ನಿನ್ನ ಕುಂಡಿ ತೊಳೆದವಳು ನಾನು," ಎಂದಳು ಬೋಂಗ್‌ಶಿ. ಮಾತು ಸಿಡುಕಿನದಾದರೂ ಕೈ ನಿಂತಿತ್ತು. ಎಷ್ಟೋ ವರ್ಷಗಳಿಂದ ಅವಳು ಕಾಯುತ್ತಿದ್ದ ಸುದ್ದಿ ಅದು. ಇನ್ನೊಂದು ಸಿಂಪಿ ತೆಗೆದು ಸಂದಿಗೆ ಕತ್ತಿ ಇಟ್ಟಳು.

ಅವಳ ಹೆಸರಿನ ಅರ್ಥವೇ 'ಹೇಗೋ ಸಾಕಿದರಾಯಿತು' ಎಂದು. ಹೆಣ್ಣು ಹುಟ್ಟಿತಲ್ಲ ಎಂಬ ಬೇಸರಕ್ಕೆ ಹೊಳೆಯಾಚೆಯ ಹೆತ್ತವರು ಇಟ್ಟ ಹೆಸರು. ನಾಲ್ಕು ವರ್ಷಕ್ಕೆ ಅವಳನ್ನು ಬುಟ್ಟಿಯಲ್ಲಿ ಕೂರಿಸಿಕೊಂಡು ಬಂದು ಈ ಚಿಪ್ಪಿನ ಗೋಡೆಯ ಮನೆಗೆ ಕೊಟ್ಟರು. ಮನೆಯ ಹುಡುಗ ಚ್ವಾನ್ ಆಗ ಮೂರು ವರ್ಷದವ. ಇಬ್ಬರನ್ನೂ ಒಟ್ಟಿಗೆ ಬೆಳೆಸಿ, ವಯಸ್ಸಿಗೆ ಬಂದಾಗ ಮದುವೆ ಮಾಡುವುದು ಆಗಿನ ಪದ್ಧತಿ. ವಯಸ್ಸು ಬಂತು. ಚ್ವಾನ್ ಮಾತ್ರ, "ಒಂದೇ ತಟ್ಟೆಯಲ್ಲಿ ಉಂಡು ಬೆಳೆದವಳು, ಅಕ್ಕ ಇದ್ದ ಹಾಗೆ. ನನ್ನ ಕೈಲಾಗಲ್ಲ," ಎಂದು ಸ್ಯೂಕಿಮ್‌ಳನ್ನು ಕಟ್ಟಿಕೊಂಡು ಬಂದ. ಬೋಂಗ್‌ಶಿ ಮಗಳೂ ಅಲ್ಲದೆ ಸೊಸೆಯೂ ಅಲ್ಲದೆ ಉಳಿದಳು. ಮದುಮಗಳ ತುರುಬಿಗೆ ಹೂವಿನ ದಂಡೆ ಕಟ್ಟಿದವಳೂ ಅವಳೇ.

ಅದನ್ನೆಲ್ಲ ಅವಳು ನುಂಗಿಕೊಂಡಳು. ನುಂಗಲಾಗದ್ದು ಒಂದೇ ಇತ್ತು. ಮನೆಯ ನಡುಮಂಟಪದಲ್ಲಿ ತೀರಿಹೋದ ಹಿರಿಯರ ಹೆಸರು ಬರೆದ ಮರದ ಫಲಕಗಳ ಸಾಲಿದೆ. ಗಂಡಿನ ಪಕ್ಕ ಅವನ ಹೆಂಡತಿಯ ಫಲಕ. ಹಬ್ಬಕ್ಕೆ ಊದುಬತ್ತಿ, ಎಡೆ, ಕರೆದು ಹೇಳಲು ಹೆಸರು. ಮದುವೆಯಿಲ್ಲದ ಹೆಣ್ಣಿಗೆ ಆ ಸಾಲಿನಲ್ಲಿ ಜಾಗವಿಲ್ಲ. ಅಂಥವರ ಬೂದಿಯ ಗಡಿಗೆಯನ್ನು ಕೊಲ್ಲಿಯ ಕೊನೆಯ ದಿಕ್ಕಿಲ್ಲದವರ ಗುಡಿಯಲ್ಲಿ ಇಟ್ಟು ಬರುತ್ತಾರೆ. ಅಲ್ಲಿ ಮುಳುಗಿ ಸತ್ತ ಪರದೇಶಿಗಳ ಎಲುಬುಗಳೂ ಇವೆ. ಚ್ವಾನ್ ಸತ್ತ ವರ್ಷ ಅವನ ಮುದುಕಿ ತಾಯಿ ಹಾಸಿಗೆಯಲ್ಲೇ ಕೂತು, "ಬೋಂಗ್‌ಶಿಯ ಹೆಸರನ್ನೂ ಬರೆಸಿಬಿಡಿ, ನಾನು ತಂದವಳು," ಎಂದಿದ್ದಳು. ಸ್ಯೂಕಿಮ್ ಸೌಟು ಕೆಳಗಿಟ್ಟು ಹೇಳಿದ್ದಳು: "ನನ್ನ ಗಂಡನ ಸಾಲಲ್ಲಿ ಹೆಂಡತಿ ಅಂತ ಕೂರೋದು ಒಬ್ಬಳೇ. ನಾನು ಬದುಕಿರೋವರೆಗೂ ಈ ಮಾತು ಎತ್ತಬೇಡಿ." ಬುನ್‌ಹಾಯ್ ಆಮೇಲೆ ಹಿತ್ತಲಲ್ಲಿ ಸಿಕ್ಕಾಗ ಪಿಸುಗುಟ್ಟಿದ್ದ: "ಅಮ್ಮನ ಕಾಲ ಮುಗೀಲಿ ಅತ್ತೆ, ನಾನೇ ಬರೆಸ್ತೀನಿ."

ಅಂದರೆ ಬೋಂಗ್‌ಶಿ ಮಾಡಬೇಕಾದದ್ದು ಇಷ್ಟೆ: ತನಗಿಂತ ಮೂರು ವರ್ಷ ಚಿಕ್ಕವಳಾದ ಸ್ಯೂಕಿಮ್‌ಗಿಂತ ಒಂದು ದಿನವಾದರೂ ಹೆಚ್ಚು ಬದುಕುವುದು. ಹನ್ನೆರಡು ವರ್ಷಗಳಿಂದ ಅವಳು ಅದನ್ನೇ ಮಾಡುತ್ತಿದ್ದಳು.

ಮೊದಲ ಸುತ್ತಿನ ಔಷಧಿ ಏರಿಸಿಕೊಂಡು ಬಂದ ಐದನೆಯ ದಿನಕ್ಕೆ ಸ್ಯೂಕಿಮ್‌ಳ ಬಾಯಿ ಒಳಗೆಲ್ಲ ಹುಣ್ಣಾಯಿತು. ಭೇದಿ ಹತ್ತಿಕೊಂಡಿತು. ಗುಟುಕು ನೀರು ಕುಡಿದರೂ ನಿಲ್ಲದು. ಬೋಂಗ್‌ಶಿ ದಿನಕ್ಕೆ ಎಂಟು ಹತ್ತು ಸಲ ಅವಳನ್ನು ಎತ್ತಿ, ಒರೆಸಿ, ಬಟ್ಟೆ ಬದಲಿಸಿ ಮಲಗಿಸುತ್ತಿದ್ದಳು.

"ಏನು ಹಾಗೆ ನೋಡ್ತೀಯೆ ಬೋಂಗ್‌ಶಿ? ಇನ್ನೆಷ್ಟು ಉಳಿದಿದೀನಿ ಅಂತ ತೂಕ ಹಾಕ್ತಿದೀಯಾ?"

ಜನರ ಎದುರು 'ಅತ್ತಿಗೆ' ಎನ್ನುವ ಸ್ಯೂಕಿಮ್ ಇಬ್ಬರೇ ಇದ್ದಾಗ ಹೆಸರು ಹಿಡಿದೇ ಕರೆಯುತ್ತಿದ್ದಳು.

"ಕಾಲೆತ್ತು."

"ಎತ್ತಕ್ಕಾದ್ರೆ ನಿನ್ನ ಕೈಲಿ ಯಾಕೆ ಒರೆಸಿಕೊಳ್ತಿದ್ದೆ? ಮೆಲ್ಲಗೆ! ಚಿಪ್ಪು ತಿಕ್ಕಿದ ಹಾಗೆ ತಿಕ್ಕಬೇಡ. ಮೈ ಇದು. ನಿನಗೇನು ಗೊತ್ತು, ಮೈ ಅಂದ್ರೆ ಹೇಗಿರುತ್ತೆ ಅಂತ. ಯಾರೂ ಮುಟ್ಟಿದ್ದಿಲ್ಲ."

ಬೋಂಗ್‌ಶಿ ಬಟ್ಟೆ ಹಿಂಡಿದಳು.

"ನನಗೆ ಸಿಂಪಿ ಬೇಕು," ಎಂದಳು ಸ್ಯೂಕಿಮ್. "ಹುರಿದದ್ದು ಬೇಡ, ನುಂಗಕ್ಕಾಗಲ್ಲ. ಸಾರು. ಸುಗ್ಗಿ ನಡೀತಿದೆ, ಅಂಗಳದಿಂದ ವಾಸನೆ ಬರ್ತಿದೆ, ನನಗೆ ಮಾತ್ರ ಬಿಳೀ ಗಂಜಿ."

"ನಂಜು. ನಿನ್ನ ಮಗ ಬೇಡ ಅಂದಿದಾನೆ."

"ಹುಣ್ಣಿಗೇನು ನಂಜು? ಆ ವಾರ್ಡಲ್ಲಿ ಮಲಗಿದ್ದೋರಲ್ಲಿ ಒಬ್ಬರ ತಲೇಲೂ ಕೂದಲಿರ್ಲಿಲ್ಲ. ಅವರಿಗೆಲ್ಲ ಹುಣ್ಣೇನು? ನನ್ನ ಮಗ ಒಳ್ಳೆಯವನು, ಸುಳ್ಳು ಹೇಳಕ್ಕೆ ಬರಲ್ಲ. ನಿನಗೆ ಬರುತ್ತೆ. ಹೋಗು, ಮಾಡ್ಕೊಂಡು ಬಾ."

ಬೋಂಗ್‌ಶಿ ಅಡುಗೆಮನೆಗೆ ಹೋಗಿ ಒಲೆಯ ಮುಂದೆ ನಿಂತಳು. ಕೆಳಕೇರಿಯ ಬಲೆಗಾರ, ಕುತ್ತಿಗೆಯಲ್ಲಿ ಗಡ್ಡೆ ಇದ್ದವನು, ಒಂದು ಮದುವೆಯಲ್ಲಿ ಹೊಟ್ಟೆ ತುಂಬ ಸಿಂಪಿ ತಿಂದು ತಿಂಗಳೊಳಗೆ ಹೋದದ್ದನ್ನು ಊರೆಲ್ಲ ಬಲ್ಲದು. ಒಲೆಯ ಮೇಲಿನ ಗೋಡೆಯಲ್ಲಿ ಒಲೆಯ ದೇವರ ಪಟವಿತ್ತು, ಹೊಗೆ ಹಿಡಿದು ಮುಖ ಕಪ್ಪಾಗಿ. ವರ್ಷವಿಡೀ ಅಡುಗೆಮನೆಯಲ್ಲಿ ನಡೆದದ್ದನ್ನು ನೋಡಿಕೊಂಡಿದ್ದು ವರ್ಷದ ಕೊನೆಗೆ ಮೇಲೆ ಹೋಗಿ ಒಪ್ಪಿಸುವವನು ಅವನು. ಪಟವನ್ನು ತಿರುವಿ ಹಾಕಬೇಕೆನ್ನಿಸಿತು. ಹಾಕಲಿಲ್ಲ. ನೋಡಿದರೆ ನೋಡಲಿ, ಅವಳೇ ಕೇಳಿದ್ದಲ್ಲವೇ ಎಂದುಕೊಂಡಳು.

ಎರಡು ಹಿಡಿ ಸಣ್ಣ ಸಿಂಪಿಯನ್ನು ಉಪ್ಪಿನಲ್ಲಿ ಉಜ್ಜಿ ತೊಳೆದು, ಶುಂಠಿ ಜಜ್ಜಿ ಹಾಕಿ, ಮಾಂಸ ಕರಗಿ ನೀರು ಹಾಲಿನ ಬಣ್ಣಕ್ಕೆ ಬರುವ ತನಕ ಬೇಯಿಸಿದಳು. ಬಟ್ಟೆಯಲ್ಲಿ ಸೋಸಿ, ಆ ತಿಳಿಯನ್ನು ಗಂಜಿಗೆ ಬೆರೆಸಿದಳು. ಸ್ಯೂಕಿಮ್ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದಳು. ಇನ್ನೊಂದು. ಬಟ್ಟಲು ಖಾಲಿಯಾಯಿತು.

"ಉಪ್ಪು ಕಮ್ಮಿ," ಎಂದಳು.

ದಿನವೂ ಬೆಳಗ್ಗೆ, ಬುನ್‌ಹಾಯ್‌ನ ದೋಣಿ ಕಣ್ಮರೆಯಾದ ಮೇಲೆ, ಒಂದು ಬಟ್ಟಲು. ಬೋಂಗ್‌ಶಿ ಪಕ್ಕದಲ್ಲಿ ಕೂತು ಗಡ್ಡೆ ಕೆರಳುವುದನ್ನು ಕಾದಳು. ಭೇದಿ ನಾಲ್ಕಕ್ಕೆ ಇಳಿಯಿತು, ಎರಡಕ್ಕೆ ಇಳಿಯಿತು. ಬಾಯಿಹುಣ್ಣು ಒಣಗಿತು. ಹತ್ತನೆಯ ತಿಂಗಳ ಎರಡನೆಯ ಸುತ್ತಿಗೆ ಸ್ಯೂಕಿಮ್ ಆಸ್ಪತ್ರೆಯ ಮೆಟ್ಟಿಲನ್ನು ತಾನೇ ಹತ್ತಿದಳು. ನಂಜು ನಿಧಾನವಾಗಿ ಏರುತ್ತದೆ ಎಂದುಕೊಂಡು ಬೋಂಗ್‌ಶಿ ಎರಡು ಹಿಡಿಯನ್ನು ಮೂರು ಹಿಡಿ ಮಾಡಿದಳು.

ಮೈಯಲ್ಲಿ ಶಕ್ತಿ ಬಂದದ್ದೇ ಸ್ಯೂಕಿಮ್‌ಳ ನಾಲಿಗೆಗೂ ಬಂತು. ಎರಡನೆಯ ಸುತ್ತಿನ ನಂತರ ಅವಳ ಕೂದಲು ಹಿಡಿ ಹಿಡಿಯಾಗಿ ಕಿತ್ತು ಬಂದಿತ್ತು. ಆ ಕೊಲ್ಲಿಯ ಹೆಂಗಸರು ತುರುಬು ಕಟ್ಟಿ, ಎಲುಬಿನ ಕಡ್ಡಿ ಚುಚ್ಚಿ, ಸುತ್ತ ಹೂವಿನ ದಂಡೆ ಇಡದೆ ಹೊಸಿಲು ದಾಟುವವರಲ್ಲ. ಒಂದು ಬೆಳಗ್ಗೆ ಅವಳು ಬಟ್ಟಲು ಕೆಳಗಿಟ್ಟು, "ಕತ್ತರಿ ತಗೊಂಡು ಬಾ," ಎಂದಳು.

"ಯಾಕೆ?"

"ಚಳಿಗಾಲದ ಹಬ್ಬ ಬರ್ತಿದೆ. ಬೋಳು ತಲೇಲಿ ಹಿರಿಯರ ಮುಂದೆ ನಿಲ್ಲಲಾ? ಎಪ್ಪತ್ತೊಂದು ಆದ್ರೂ ನಿನ್ನ ಜಡೆ ಹಗ್ಗದ ಹಾಗಿದೆ. ನಿನಗೆ ಯಾರಿಗೆ ತೋರಿಸಬೇಕು ಅದನ್ನ? ಕೊಡು, ಕಟ್ಟುತುರುಬು ಮಾಡಿಸ್ಕೊಳ್ತೀನಿ."

ಬೋಂಗ್‌ಶಿ ತಮಾಷೆಯೆಂದುಕೊಂಡಳು. ಸ್ಯೂಕಿಮ್ ಕೈ ಚಾಚಿಯೇ ಇದ್ದಳು.

"ಕೊಡಲ್ವಾ? ಈ ಮನೆ ಅಕ್ಕಿ ತಿಂದು ಬೆಳೆಸಿದ ಕೂದಲಲ್ವಾ ಅದು?"

ಬೋಂಗ್‌ಶಿ ಕತ್ತರಿ ತಂದಳು. ತಾನೇ ಕತ್ತರಿಸಿಕೊಂಡಳು, ಕಿವಿಯ ಮಟ್ಟಕ್ಕೆ. ಜಡೆಯನ್ನು ಸ್ಯೂಕಿಮ್‌ಳ ಕೈಯಲ್ಲಿಟ್ಟು ಅಡುಗೆಮನೆಗೆ ಹೋಗಿ ನಾಳೆಯ ಸಿಂಪಿಯನ್ನು ಉಪ್ಪಿನಲ್ಲಿ ಉಜ್ಜತೊಡಗಿದಳು. ಚಿಪ್ಪಿನ ಚೂರು ತಾಗಿ ಬೆರಳು ಕೊಯ್ದದ್ದು ನೀರು ಕೆಂಪಾದ ಮೇಲೆ ಗೊತ್ತಾಯಿತು.

ಮೂರನೆಯ ಸುತ್ತು. ಸ್ಯೂಕಿಮ್ ಕೈಗೆ ಸೂಜಿ ಚುಚ್ಚಿಸಿಕೊಂಡು ಕಣ್ಣು ಮುಚ್ಚಿ ಮಲಗಿದ್ದಳು. ಬೋಂಗ್‌ಶಿ ಪಕ್ಕದ ಕುರ್ಚಿಯಲ್ಲಿದ್ದಳು. ಡಾಕ್ಟರ್ ಖೋ, ಇನ್ನೂ ಮೂವತ್ತು ತುಂಬದ ಹೆಣ್ಣುಮಗಳು, ತೂಕದ ಚೀಟಿ ನೋಡಿ ಹುಬ್ಬೇರಿಸಿದಳು.

"ಏನಜ್ಜಿ ತಿನ್ನಿಸ್ತಿದ್ದೀರಿ ಇವರಿಗೆ? ಈ ಔಷಧಿ ಕರುಳಿನ ಒಳಪದರಾನೇ ಸುಲಿದು ಹಾಕುತ್ತೆ. ಮೂರನೇ ಸಲಕ್ಕೆ ಎಷ್ಟೋ ಜನ ನೆಲ ಹಿಡಿದಿರ್ತಾರೆ. ಇವರು ನೋಡಿದ್ರೆ ಎರಡು ಕಿಲೋ ಏರಿದ್ದಾರೆ."

"ಗಂಜಿ."

"ಬರೀ ಗಂಜೀನಾ?"

"ಬರೀ ಗಂಜಿ."

ಡಾಕ್ಟರ್ ನಕ್ಕಳು. "ಹಾಗಾದ್ರೆ ನಿಮ್ಮ ಗಂಜೀನ ನಾವೂ ಕಲೀಬೇಕು. ನನ್ನ ಜೊತೆ ಓದಿದವಳೊಬ್ಬಳು ಸಿಂಪಿ ಮಾಂಸದಿಂದ ಪುಡಿ ತೆಗೆದು ಇಲಿಗಳಿಗೆ ತಿನ್ನಿಸ್ತಿದ್ದಾಳೆ. ಇದೇ ಔಷಧಿ ಚುಚ್ಚಿದ ಇಲಿಗಳು. ಪುಡಿ ತಿಂದವುಗಳ ಕರುಳು ಅಷ್ಟು ಹಾಳಾಗಲ್ವಂತೆ. ಮನುಷ್ಯರಿಗೆ ಹೇಗೆ ಅನ್ನೋದು ಇನ್ನೂ ಗೊತ್ತಿಲ್ಲ, ನಾನು ಆಣೆ ಇಟ್ಟು ಹೇಳಲ್ಲ. ನಿಮ್ಮ ಕಡೆಯವರು ಸಿಂಪಿ ನಂಜು ಅಂತ ದೂರ ಇಡ್ತೀರಲ್ಲ? ಹಸಿ ಮಾತ್ರ ಕೊಡಬೇಡಿ. ಚೆನ್ನಾಗಿ ಬೇಯಿಸಿದ್ದಾದ್ರೆ ನಾನೇನೂ ಬೇಡ ಅನ್ನಲ್ಲ."

ಡಾಕ್ಟರ್ ಮುಂದಿನ ಹಾಸಿಗೆಗೆ ಹೋದಳು. ಬೋಂಗ್‌ಶಿ ಕುರ್ಚಿಯಲ್ಲೇ ಕೂತು ಲೆಕ್ಕ ಹಾಕಿದಳು. ನಲವತ್ತು ದಿನ ಬೇಗ ಎದ್ದು, ಉಜ್ಜಿ, ಬೇಯಿಸಿ, ಸೋಸಿ, ಜಡೆಯನ್ನೂ ಕೊಟ್ಟು, ಬೇರು ಕೀಳಬೇಕೆಂದಿದ್ದ ಗಿಡಕ್ಕೆ ತಾನೇ ನೀರು ಹೊಯ್ದಿದ್ದಳು. ಅವಳಿಗೆ ನಗು ಬಂತು. ಸೆರಗಿನಂತೆ ಕುತ್ತಿಗೆಗೆ ಸುತ್ತಿದ್ದ ವಸ್ತ್ರವನ್ನು ಬಾಯಿಗೆ ಒತ್ತಿಕೊಂಡಳು.

ಮರುದಿನ ಬೆಳಗ್ಗೆ ಬಟ್ಟಲಲ್ಲಿ ಬಿಳೀ ಗಂಜಿ ಇತ್ತು.

ಸ್ಯೂಕಿಮ್ ಮೂಸಿ ನೋಡಿದಳು. ಮುಖವೆತ್ತಿ ಬೋಂಗ್‌ಶಿಯನ್ನು ನೋಡಿದಳು.

"ಸಾರೆಲ್ಲಿ?"

"ನಿನ್ನ ಮಗನಿಗೆ ವಾಸನೆ ಹತ್ತಿತು. ಬೈದ."

ಸ್ಯೂಕಿಮ್ ಬಟ್ಟಲನ್ನು ಬಾಯಿಗಿಟ್ಟಳು. ಅದೇ ಆಶ್ಚರ್ಯ. ಒಂದು ಬೈಗುಳವಿಲ್ಲ, ಒಂದು ಕೊಂಕಿಲ್ಲ. ಗಂಜಿಯನ್ನು ಕುಡಿದು ಬಟ್ಟಲು ಕೊಟ್ಟಳು. ಮರುದಿನವೂ ಮೂಸಿದಳು, ನೋಡಿದಳು, ಕುಡಿದಳು. ಹಾಗೇ ಇಪ್ಪತ್ತು ದಿನ. ಆ ನೋಟಕ್ಕೆ ಬೋಂಗ್‌ಶಿ ಗೋಡೆಯ ಕಡೆ ತಿರುಗಿ ನಿಲ್ಲುವುದನ್ನು ಕಲಿತಳು.

ನಾಲ್ಕನೆಯ ಸುತ್ತಿಗೆ ಸ್ಯೂಕಿಮ್‌ಳ ಕರುಳು ಹರಿದುಕೊಂಡಿತು. ಸಾರು ನಿಂತದ್ದಕ್ಕೋ, ಔಷಧಿಯ ವಿಷ ಮೈಯಲ್ಲಿ ಸೇರಿ ಸೇರಿ ಅದರ ದಿನ ಬಂದದ್ದಕ್ಕೋ, ಯಾರು ಹೇಳಬೇಕು. ರಕ್ತ ಬೀಳತೊಡಗಿತು. ಆರು ದಿನದಲ್ಲಿ ಕೆನ್ನೆಯ ಮೂಳೆ ಹೊರಬಂತು. ಬೋಂಗ್‌ಶಿ ಎತ್ತಿದಳು, ಒರೆಸಿದಳು, ಮಲಗಿಸಿದಳು. ಅವಳ ಸೇವೆಯಲ್ಲಿ ಒಂದು ಎಳೆ ಕಡಿಮೆಯಾಗಲಿಲ್ಲ. ಬೀದಿಯ ಹೆಂಗಸರು, "ಒಡಹುಟ್ಟಿದವಳೂ ಹೀಗೆ ನೋಡ್ಕೊಳ್ಳಲ್ಲ," ಎಂದರು.

ಹನ್ನೊಂದನೆಯ ತಿಂಗಳಲ್ಲಿ ಚಳಿಗಾಲದ ಹಬ್ಬ ಬಂತು. ಅಕ್ಕಿಹಿಟ್ಟಿನ ಉಂಡೆಗಳನ್ನು ಸಕ್ಕರೆ ಪಾಕದಲ್ಲಿ ಬೇಯಿಸಿ ಹಿರಿಯರಿಗೆ ಎಡೆ ಇಡುವ ದಿನ. ಸ್ಯೂಕಿಮ್ ಹಟ ಹಿಡಿದು ಎದ್ದು ಕೂತಳು. ಬೋಂಗ್‌ಶಿಯ ಕೂದಲಿನ ತುರುಬನ್ನು ಬೋಂಗ್‌ಶಿಯ ಕೈಯಿಂದಲೇ ತಲೆಗೆ ಕಟ್ಟಿಸಿಕೊಂಡು, ಸುತ್ತ ಹೂ ಇಡಿಸಿಕೊಂಡಳು. ಬುನ್‌ಹಾಯ್ ಕುರ್ಚಿಯ ಸಮೇತ ಎತ್ತಿ ನಡುಮಂಟಪಕ್ಕೆ ತಂದ. ಊದುಬತ್ತಿ ಹಚ್ಚಿಯಾಯಿತು.

"ಬುನ್‌ಹಾಯ್," ಎಂದಳು ಸ್ಯೂಕಿಮ್. ದನಿ ಗಾಳಿಯಷ್ಟೇ ಇತ್ತು. "ಮೂರನೇ ಔಷಧಿಗೆ ಮುಂಚೆ ನಿನಗೊಂದು ಮಾತು ಹೇಳಿದ್ದೆ. ಏನು ಅದು? ಹಿರಿಯರಿಗೆ ಕೇಳೋ ಹಾಗೆ ಹೇಳು."

ಬುನ್‌ಹಾಯ್ ಅತ್ತೆಯತ್ತ ನೋಡಿ ಸಂತೋಷದಿಂದಲೇ ಹೇಳಿದ: "ಅತ್ತೆ ಹೆಸರಿನ ಫಲಕ ಮಾಡಿಸು ಅಂದಿದ್ರಿ. ಹಬ್ಬದ ದಿನ ನಾನೇ ಹೇಳ್ತೀನಿ, ಅಲ್ಲೀವರೆಗೂ ಬಾಯಿಬಿಡಬೇಡ ಅಂದಿದ್ರಿ."

ಬೋಂಗ್‌ಶಿಯ ಕೈಯಲ್ಲಿದ್ದ ಉಂಡೆಯ ತಟ್ಟೆ ಓರೆಯಾಯಿತು.

"ಯಾಕೆ ಅಂದಿದ್ದೆ?"

"ಅತ್ತೆ ನಿಮ್ಮನ್ನ ಉಳಿಸಿದ್ರು ಅಂತ."

"ಉಳಿಸಿದಳು. ನೀನು ಬೇಡ ಅಂದ ಸಿಂಪೀನ ದಿನಾ ಕದ್ದು ಬೇಯಿಸಿ ಕೊಟ್ಟಳು. ನಂಜು ಏರಿ ಸಾಯಲಿ ಅಂತಾನೇ ಕೊಟ್ಟಳು, ನನಗೇನು ಗೊತ್ತಾಗಲ್ವಾ? ನಲವತ್ತೆಂಟು ವರ್ಷ ಎದುರು ಕೂತವಳು ನಾನು. ಆದ್ರೂ ಕುಡಿದೆ. ರುಚಿಯಾಗಿತ್ತು. ಕೊಲ್ಲೋ ಮನಸ್ಸಲ್ಲಿ ಇಷ್ಟು ಚೆನ್ನಾಗಿ ಬೇಯಿಸ್ತಾಳಲ್ಲ, ಕೂರಲಿ ಬಿಡು ನಮ್ಮ ಜೊತೆ ಅನ್ನಿಸ್ತು." ಉಸಿರು ತೆಗೆದುಕೊಂಡಳು. "ಅವತ್ತು ಡಾಕ್ಟರ್ ಹೇಳಿದಾಗ ನಾನು ನಿದ್ದೆ ಮಾಡ್ತಿರ್ಲಿಲ್ಲ. ಸಿಂಪಿಯಿಂದ ಒಳ್ಳೇದಾಗಬಹುದು ಅಂತ ಕಿವಿಯಾರೆ ಕೇಳಿ, ಮಾರನೇ ದಿನವೇ ನಿಲ್ಲಿಸಿದಳು. ಇಪ್ಪತ್ತು ದಿನ ಬಟ್ಟಲು ಮೂಸಿ ನೋಡಿದೆ. ಇವತ್ತು ಕೊಡ್ತಾಳೆ, ನಾಳೆ ಕೊಡ್ತಾಳೆ ಅಂತ."

"ಅಮ್ಮಾ..."

"ಇವಳ ಹೆಸರು ಬರೆಸಲ್ಲ ಅಂತ ಮಂಡಿಯೂರಿ ಹೇಳು. ನಿಮ್ಮಪ್ಪನಿಗೆ ಹೇಳು. ನಾನು ಸತ್ತ ಮೇಲೂ ಬರೆಸಲ್ಲ ಅಂತ ಹೇಳು. ನಾನು ಬದುಕಿದ್ದು ನಾನೇ ಬಿಡಿಸಿದ್ರೆ ಬಿಟ್ಟೀತು ಈ ಆಣೆ. ಬೇರೆ ದಾರಿ ಇಲ್ಲ."

ಬುನ್‌ಹಾಯ್ ಬೋಂಗ್‌ಶಿಯ ಮುಖ ನೋಡಿದ. ಅಲ್ಲಿ ಅಲ್ಲವೆನ್ನುವಂಥದ್ದು ಏನೂ ಸಿಗಲಿಲ್ಲ. ಅವನು ಮಂಡಿಯೂರಿ, ಹಣೆ ನೆಲಕ್ಕೆ ಮುಟ್ಟಿಸಿ, ಹೇಳಿದ.

ಸ್ಯೂಕಿಮ್ ತಲೆಯ ತುರುಬನ್ನು ಕಿತ್ತು, ಹೂವಿನ ಸಮೇತ, ಬೋಂಗ್‌ಶಿಯ ತಟ್ಟೆಯೊಳಗೆ ಉಂಡೆಗಳ ಮೇಲೆ ಇಟ್ಟಳು. "ತಗೋ ಅತ್ತಿಗೆ. ನಿನ್ನದು ನಿನಗೆ."

ಮರುದಿನ ಬೋಂಗ್‌ಶಿ ಇಳಿತ ಪೂರ್ತಿಯಾಗುವ ಮುಂಚೆಯೇ ಕೊಲ್ಲಿಗೆ ಇಳಿದು, ಆರಿಸಿ ಆರಿಸಿ ಎಳೆಯ ಸಿಂಪಿ ತಂದಳು. ಉಜ್ಜಿದಳು, ಬೇಯಿಸಿದಳು, ಎರಡು ಸಲ ಸೋಸಿದಳು. ಬಟ್ಟಲು ಹಿಡಿದು ಹಾಸಿಗೆಯ ಪಕ್ಕ ಕೂತಳು.

"ಕುಡಿ, ಸ್ಯೂಕಿಮ್."

ಸ್ಯೂಕಿಮ್ ಮೂಸಿದಳು. ಅವಳ ಮೂಗಿನ ಹೊಳ್ಳೆಗಳು ಅರಳಿದವು. ತುಟಿ ಬಿಗಿದಳು.

"ಒಂದು ಗುಟುಕು. ಉಪ್ಪು ಸರಿ ಹಾಕಿದೀನಿ ಕಣೆ."

ತುಟಿ ಬಿಡಲಿಲ್ಲ. ಬೋಂಗ್‌ಶಿ ಚಮಚೆಯನ್ನು ತುಟಿಯ ಸಂದಿಗೆ ಇಟ್ಟು ಮೆಲ್ಲಗೆ ತಿರುವಿದಳು. ಸಾರು ಗಲ್ಲದ ಮೇಲೆ ಹರಿದು ದಿಂಬಿಗೆ ಇಳಿಯಿತು. ಬಾಯಿ ತೆರೆಯಲಿಲ್ಲ. ಸ್ಯೂಕಿಮ್‌ಳ ಕಣ್ಣು ಮಾತ್ರ ನಗುತ್ತಿತ್ತು. ಬುನ್‌ಹಾಯ್ ಕೊಟ್ಟ ಗಂಜಿಗೆ ಬಾಯಿ ತೆರೆಯುತ್ತಿದ್ದಳು, ಸಕ್ಕರೆ ನೀರಿಗೆ ತೆರೆಯುತ್ತಿದ್ದಳು. ಬೋಂಗ್‌ಶಿ ಅದೇ ಸಾರನ್ನು ಬುನ್‌ಹಾಯ್‌ನ ಕೈಯಲ್ಲಿ ಕಳಿಸಿದರೆ, ಮೂಸಿ, ಮುಚ್ಚಿಬಿಡುತ್ತಿದ್ದಳು.

"ಅಮ್ಮಾ, ಡಾಕ್ಟರೇ ತಿನ್ನಬಹುದು ಅಂದಿದಾರೆ," ಎಂದು ಮಗ ಅತ್ತ.

"ನಂಜು," ಎಂದಳು ಸ್ಯೂಕಿಮ್.

ಐದನೆಯ ಸುತ್ತಿಗೆ ಡಾಕ್ಟರ್ ಖೋ ತೂಕ ನೋಡಿ, ಈ ಮೈಗೆ ಇನ್ನು ಔಷಧಿ ಏರಿಸಲಾಗದು ಎಂದು ಹಿಂದಕ್ಕೆ ಕಳಿಸಿದಳು. ಬೋಂಗ್‌ಶಿ ದಿನವೂ ಬೇಯಿಸಿದಳು, ದಿನವೂ ಹಿಡಿದು ಕೂತಳು. ತನ್ನ ಜನ್ಮದಲ್ಲಿ ಅವಳು ಯಾರ ಬದುಕಿಗಾಗಿಯೂ ಅಷ್ಟು ಬೇಡಿಕೊಂಡಿರಲಿಲ್ಲ. ಸ್ಯೂಕಿಮ್ ಉಳಿದರೆ ಮಾತ್ರ ಆಣೆ ಬಿಟ್ಟೀತು. ಅದು ಸ್ಯೂಕಿಮ್‌ಗೂ ಗೊತ್ತಿತ್ತು. ಗೊತ್ತಿದ್ದೇ ಅವಳು ದಿನಕ್ಕಿಷ್ಟು ದಿನಕ್ಕಿಷ್ಟು ಸತ್ತಳು.

ಹನ್ನೆರಡನೆಯ ತಿಂಗಳ ಇಪ್ಪತ್ತನಾಲ್ಕು, ಒಲೆಯ ದೇವರು ಮೇಲಕ್ಕೆ ಹೋಗುವ ದಿನ. ಅಲ್ಲಿ ಒಳ್ಳೆಯದನ್ನೇ ಹೇಳಲಿ ಎಂದು ಅವನ ಬಾಯಿಗೆ ಅಂಟುಸಿಹಿ ಬಳಿಯುತ್ತಾರೆ. ಬೋಂಗ್‌ಶಿ ಬೆರಳಿನಲ್ಲಿ ಬೆಲ್ಲದ ಪಾಕ ತೆಗೆದು ಹೊಗೆ ಹಿಡಿದ ಪಟದ ಬಾಯಿಗೆ ಬಳಿಯುತ್ತಿದ್ದಾಗ ಒಳಗಿನಿಂದ ಬುನ್‌ಹಾಯ್ ಕೂಗಿದ. ಹೋಗಿ ನೋಡಿದರೆ ಸ್ಯೂಕಿಮ್ ಮುಗಿದಿದ್ದಳು. ಬಾಯಿ ಈಗ ತಾನಾಗಿ ತೆರೆದಿತ್ತು.

ಅವಳ ಫಲಕ ಚ್ವಾನ್‌ನ ಪಕ್ಕ ಬಂತು. ಬುನ್‌ಹಾಯ್ ಅತ್ತೆಗೆ, "ನೀವಿರೋವರೆಗೂ ಇಲ್ಲೇ ಇರಿ, ನಾನು ನೋಡ್ಕೊಳ್ತೀನಿ," ಎಂದ. ನಿಜವಾಗಿಯೇ ಅಂದ. ಆಮೇಲಿನದನ್ನು ಅವನು ಹೇಳಲಿಲ್ಲ, ಅವಳು ಕೇಳಲಿಲ್ಲ.

ಹೊಸವರ್ಷದ ಎರಡನೆಯ ದಿನ, ಮದುವೆಯಾದ ಹೆಣ್ಣುಮಕ್ಕಳೆಲ್ಲ ತವರಿಗೆ ಹೋಗುವ ಬೆಳಗ್ಗೆ, ಬೀದಿ ತುಂಬ ಹೂ ಮುಡಿದ ಹೆಂಗಸರು ಓಡಾಡುತ್ತಿದ್ದಾಗ, ಬೋಂಗ್‌ಶಿ ಬಟ್ಟೆಯ ಗಂಟು, ಸಿಂಪಿಕತ್ತಿ ಮತ್ತು ತನ್ನ ಜಡೆ ತೆಗೆದುಕೊಂಡು ಹೊರಟಳು. ದಾರಿಯಲ್ಲಿ ಯಾರೋ, "ತವರಿಗಾ ಅಜ್ಜಿ?" ಎಂದು ಕೇಳಿದರು. ಹೂಂ ಎಂದಳು. ಕೊಲ್ಲಿಯ ಕೊನೆಯ ದಿಕ್ಕಿಲ್ಲದವರ ಗುಡಿಯಲ್ಲಿ ಕಸ ಗುಡಿಸಿ ದೀಪ ಹಚ್ಚಲು ಒಬ್ಬರು ಬೇಕಾಗಿದ್ದರು.